ಹೊಸ ಭವನದಲ್ಲಿ ಅಳಿಸಿಹೋದ ಸ್ನಾನದ ಮನೆ

ನಗರಸಭೆಯ ಮಾನ್ಯ ಆಯುಕ್ತರೇ,

ನಮ್ಮ ಸ್ನಾನದ ಮನೆಯನ್ನು ಎಲ್ಲಿ ಹಾಕಿದಿರಿ? ನಿಮ್ಮ ಕ್ಷೇಮ ಆಮೇಲೆ ವಿಚಾರಿಸುತ್ತೇನೆ, ಮೊದಲು ಇದಕ್ಕೆ ಉತ್ತರ ಕೊಡಿ. ಕಾಮಗಾರಿ ಇಲಾಖೆಯ ಹೊಸ ಭವನಕ್ಕೆ ಹನ್ನೆರಡು ಕೋಟಿ ಎಂದಿರಿ, ಆಮೇಲೆ ಹತ್ತೊಂಬತ್ತು ಎಂದಿರಿ, ಈಗ ಇಪ್ಪತ್ತೇಳು ಎನ್ನುತ್ತಿದ್ದೀರಿ. ಖರ್ಚು ಇಳಿಸಲು ಸಮಿತಿಯನ್ನೂ ಮಾಡಿದಿರಿ. ಆ ಸಮಿತಿ ಐದು ಸಲ ಸೇರಿ, ಸಭಾಂಗಣದ ಗಾಜಿನ ಗೋಡೆಯನ್ನು ಮುಟ್ಟದೆ, ಕಾರ್ಮಿಕರ ಸ್ನಾನದ ಮನೆಯ ಮೇಲೆ ಕೆಂಪು ಗೀಟು ಎಳೆದಿದೆ. ಇಪ್ಪತ್ತೇಳು ಕೋಟಿಯ ಭಾರವೆಲ್ಲ ನಮ್ಮ ಎಂಟು ನಲ್ಲಿಗಳ ಮೇಲೇ ಕುಳಿತಿತ್ತೇ ಸ್ವಾಮಿ?

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಿಮ್ಮ ಸಮಿತಿಯ ವರದಿಯನ್ನು ಎರಡು ದಿನ ಕೂತು ಅಕ್ಷರ ಕೂಡಿಸಿಕೊಂಡು ಓದಿದೆ. ಸ್ನಾನದ ಮನೆ ‘ಅನಿವಾರ್ಯವಲ್ಲದ ಸೌಲಭ್ಯ’ವಂತೆ. ಮೋರಿಯೊಳಗೆ ಇಳಿದು ಹೂಳೆತ್ತಿ ಬಂದವರಿಗೆ ನೀರು ಅನಿವಾರ್ಯವಲ್ಲವಂತೆ! ಅದನ್ನು ಬರೆದ ಪುಣ್ಯಾತ್ಮರನ್ನು ಒಂದು ಸಲ ಸೊಂಟದವರೆಗೆ ಇಳಿಸಿ ಮೇಲೆತ್ತಬೇಕು. ಆಮೇಲೆ ಅದೇ ಕೈಯಲ್ಲಿ ಊಟ ಮಾಡುತ್ತಾರೋ ನೋಡೋಣ.

ಭವನ ಏಳುತ್ತಿರುವ ಜಾಗದಲ್ಲಿ ಮೊದಲು ನಮ್ಮ ತಗಡಿನ ಶೆಡ್ಡಿತ್ತು. ಮೂವತ್ತೊಂದು ವರ್ಷ ಅಲ್ಲಿ ನಾನು ಮೋರಿ ಗ್ಯಾಂಗಿನ ಮೇಸ್ತ್ರಿ. ಶೆಡ್ಡಿನ ಹಿಂದೆ ಒಂದೇ ನಲ್ಲಿ, ಪಕ್ಕದಲ್ಲಿ ಹಳೇ ಟಾರು ಡ್ರಮ್ಮಿನಿಂದ ವೆಲ್ಡರ್ ಮಾಡಿಕೊಟ್ಟ ನೀರೊಲೆ. ಅಂದು ಯಾರು ಒಳಗೆ ಇಳಿದಿದ್ದರೋ ಅವರಿಗೆ ಮೊದಲ ಬಿಸಿನೀರು. ಇಳಿದವರ ಹಗ್ಗವನ್ನು ಮೇಲೆ ಹಿಡಿದವರಿಗೆ ಎರಡನೆಯದು. ಕಡೆಗೆ ಉಳಿದ ಉಗುರುಬೆಚ್ಚಗಿನದು ಮೇಸ್ತ್ರಿಗೆ. ಈ ಸರದಿಯನ್ನು ಯಾವ ಸಮಿತಿಯೂ ಬರೆದಿರಲಿಲ್ಲ, ಒಬ್ಬರೂ ಒಂದು ದಿನವೂ ಮುರಿಯಲಿಲ್ಲ.

ಶೆಡ್ಡು ಕೆಡವುವ ಮುಂಚೆ ನಿಮ್ಮ ಇಂಜಿನಿಯರು ಬಂದು ಮೇಜಿನ ಮೇಲೆ ನಕ್ಷೆ ಹಾಸಿದರು. ಎಂಟು ನಲ್ಲಿ, ಬಿಸಿನೀರು, ಹೆಂಗಸರಿಗೆ ಬೇರೆ ಕೋಣೆ. ನಾನು ಬಾಯಿಬಿಟ್ಟುಕೊಂಡು ನೋಡಿದೆ. ನಮ್ಮ ಗ್ಯಾಂಗಿನಲ್ಲಿ ಹಗ್ಗ ಹಿಡಿಯುವವನೊಬ್ಬ ಮಾತ್ರ ಒಪ್ಪಲಿಲ್ಲ.

“ಮೇಸ್ತ್ರಿ, ಅದು ಕಟ್ಟೋವರೆಗೂ ಈ ನಲ್ಲಿ ಇರ್ಲಿ ಅನ್ನಿ. ಕಾಗದದ ಮೇಲೆ ಸ್ನಾನ ಮಾಡಕ್ಕಾಗುತ್ತಾ?”

“ಬಾಯ್ಮುಚ್ಚೋ! ಅಷ್ಟು ಓದಿದೋರು ಸುಳ್ಳು ಹೇಳ್ತಾರಾ?” ಎಂದು ಎಲ್ಲರೆದುರು ಅವನಿಗೆ ಉಗಿದೆ. ಕೆಡವುವ ದಿನ ನಲ್ಲಿ ಬಿಚ್ಚಿ, ಪೈಪಿನ ಬಾಯಿಗೆ ಮುಚ್ಚಳ ತಿರುಗಿಸಿ ಬಿಗಿ ಮಾಡಿದ್ದು ನನ್ನ ಈ ಕೈಯೇ.

ಅದಾಗಿ ಮೂರು ವರ್ಷ. ನಾನು ನಿವೃತ್ತನಾಗಿದ್ದೇನೆ. ಈಗ ಆ ಗ್ಯಾಂಗಿನಲ್ಲಿ ನನ್ನ ಮಗಳಿದ್ದಾಳೆ. ಕೆಲಸ ಮುಗಿಸಿ ಹಾಗೇ ಬಸ್ಸು ಹತ್ತಿದರೆ ಪಕ್ಕದವರು ಎದ್ದು ಹೋಗುತ್ತಿದ್ದರು. ಒಂದು ದಿನ ಕಂಡಕ್ಟರು, “ಬೇಜಾರು ಮಾಡ್ಕೋಬೇಡಿ ಅಕ್ಕ, ಹಿಂದೆ ಬರೋ ಬಸ್ಸಲ್ಲಿ ಬನ್ನಿ” ಅಂದನಂತೆ. ಹಿಂದೆ ಬಂದ ಬಸ್ಸಿನವನೂ ಅದನ್ನೇ ಅಂದ. ಅಂದಿನಿಂದ ಏಳು ಕಿಲೋಮೀಟರು ನಡೆದೇ ಬರುತ್ತಾಳೆ. ಅವಳನ್ನು ಕಂಡ ಕೂಡಲೇ ಅವಳ ಎರಡು ವರ್ಷದ ಕೂಸು ಬಾಗಿಲಿಗೆ ಓಡುತ್ತದೆ. “ಅಪ್ಪಾ, ಹಿಡ್ಕೋ! ನನ್ನ ಮುಟ್ಟೋಕೆ ಬಿಡ್ಬೇಡ!” ಎಂದು ಅವಳು ಹೊರಗಿನಿಂದಲೇ ಕೂಗುತ್ತಾಳೆ. ಕೂಸನ್ನು ತಾಯಿಯಿಂದ ಹಿಡಿದು ನಿಲ್ಲಿಸುವುದೇ ಈಗ ನನ್ನ ನೌಕರಿ. ಅದು ನನ್ನ ಕೈ ಕಚ್ಚುತ್ತದೆ. ಕಚ್ಚಲಿ. ಮುಚ್ಚಳ ತಿರುಗಿಸಿದ ಕೈ ತಾನೇ.

ನಿಮ್ಮ ಅಹವಾಲು ಸಭೆಗೂ ಬಂದೆ. ಮೂರು ನಿಮಿಷ ಕೊಟ್ಟಿರಿ. ಇಂಜಿನಿಯರು ಬಹಳ ಮರ್ಯಾದೆಯಿಂದ ಮಾತಾಡಿದರು.

“ಸ್ನಾನದ ಮನೆ ಎರಡನೇ ಹಂತದಲ್ಲಿ ಬರುತ್ತೆ, ಯಜಮಾನ್ರೇ.”

“ಎರಡನೇ ಹಂತ ಯಾವಾಗ?”

“ಮೊದಲನೇದು ಮುಗಿದ ಮೇಲೆ.”

“ಅದು ಯಾವಾಗ ಮುಗಿಯುತ್ತೆ?”

“ಖರ್ಚಿನ ವಿಚಾರ ಇತ್ಯರ್ಥ ಆಗ್ಬೇಕಲ್ಲ.”

ಅಷ್ಟರಲ್ಲಿ ಮೂರು ನಿಮಿಷ ಮುಗಿದ ಗಂಟೆ ಹೊಡೆಯಿತು. ನಾನು ಬೈಯಲು ಬಾಯಿ ತೆರೆದವನು ಹಾಗೇ ಕೂತೆ. ಯಾರನ್ನು ಬೈಯಲಿ? ಎದುರಿಗಿದ್ದವರೆಲ್ಲ ನಗುತ್ತಾ ಕೈಮುಗಿಯುತ್ತಿದ್ದರು.

ಕಡೆಗೆ ಕಳೆದ ವಾರ ಆ ಮುಚ್ಚಳ ಬಿಚ್ಚಲೆಂದು ಹಾರೆ, ಸ್ಪ್ಯಾನರ್ ಹಿಡಿದು ನಾನೇ ಕಟ್ಟಡದ ಹತ್ತಿರ ಹೋದೆ. ಬೇಲಿಯ ಬಾಗಿಲಲ್ಲಿ ಕಾವಲಿಗಿದ್ದವನು ಆ ಹಗ್ಗದವನೇ. “ಒಳಗೆ ಬಿಟ್ರೆ ನನ್ನ ಕೆಲಸ ಹೋಗುತ್ತೆ ಮೇಸ್ತ್ರಿ” ಎಂದು ತಲೆ ತಗ್ಗಿಸಿದ. ಅಂದು ತಾನು ಹೇಳಿದ ಮಾತನ್ನು ಎತ್ತಲಿಲ್ಲ. ಎತ್ತಿ ಆಡಿದ್ದರೆ ನನಗೆ ಎಷ್ಟೋ ವಾಸಿಯಿತ್ತು.

ಆಯುಕ್ತರೇ, ನಿಮ್ಮ ಗಾಜು ನಿಮಗಿರಲಿ. ಹಳೇ ಗೇಟಿನ ಬಲಗಂಬದಿಂದ ಏಳು ಹೆಜ್ಜೆ, ನೀವು ತುಂಬಿಸಿದ ಮಣ್ಣಿನ ಕೆಳಗೆ ಎರಡಡಿ ಆಳದಲ್ಲಿ ನಮ್ಮ ಪೈಪಿದೆ. ಅದರಲ್ಲಿ ಈಗಲೂ ನೀರಿದೆ. ಮುಚ್ಚಳ ಬಿಚ್ಚಿ ಒಂದು ನಲ್ಲಿ ಕೂರಿಸಿ, ಸುತ್ತ ನಾಲ್ಕು ತಗಡು ನಿಲ್ಲಿಸಿ. ಅದಕ್ಕೂ ಸಮಿತಿ ಬೇಕೆಂದರೆ, ನನ್ನನ್ನು ಒಳಗೆ ಬಿಡುವಂತೆ ಕಾವಲಿನವನಿಗೆ ಒಂದು ಸಾಲು ಬರೆದುಕೊಡಿ. ಕಾಲು ಗಂಟೆಯ ಕೆಲಸ, ಕೂಲಿ ಬೇಡ. ಅದೂ ಆಗದೆಂದರೆ, ಆಗುವುದಿಲ್ಲ ಎಂದಾದರೂ ಬರೆಯಿರಿ. ಕೂಸು ದಿನದಿನಕ್ಕೆ ಬಲವಾಗುತ್ತಿದೆ, ನನ್ನ ಹಿಡಿತ ಸಡಿಲವಾಗುತ್ತಿದೆ.

ಇಂತಿ,
ಓದಿದವರನ್ನು ನಂಬಿ ನಲ್ಲಿ ಮುಚ್ಚಿದ,
ಮೋರಿ ಗ್ಯಾಂಗಿನ ಹಳೇ ಮೇಸ್ತ್ರಿ