ಒಣಕೋಣೆಯ ಫೋಟೋ

೧೪ ಮಾರ್ಚ್, ಭಾನುವಾರ

ಪ್ರೀತಿಯ ಪುಡಿರಾಯನಿಗೆ,

ಅಕ್ಕನ ಆಶೀರ್ವಾದ. ಶಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ, ಚೆನ್ನಾಗಿದ್ದೇನೆ ಅಂತ ನೀನು ಬರೆದದ್ದು ಎರಡೇ ಸಾಲು. ಅದಕ್ಕೆ ಉತ್ತರ ಬರೆಯಲು ನನಗೆ ಎರಡು ತಿಂಗಳು ಹಿಡಿಯಿತು. ಕೆಲಸದ ನೆವ ಹೇಳಬಹುದು, ನೀನು ನಂಬುವವನಲ್ಲ. ಪೆನ್ನು ಹಿಡಿದಾಗಲೆಲ್ಲ ಕೈ ಹಿಂದೇಟು ಹಾಕುತ್ತಿತ್ತು, ಕ್ಷಮಿಸು.

ಇಲ್ಲಿ ಕಾರ್ಖಾನೆಯಲ್ಲಿ ಎಲ್ಲರೂ ಕ್ಷೇಮ ಅನ್ನಬೇಕು. ಕುಲುಮೆ ಮಾವ ಇನ್ನೂ ಮೀಟರನ್ನು ನಂಬುವುದಿಲ್ಲ, ಬೆಂಕಿಯ ಬಣ್ಣ ನೋಡಿಯೇ ಶಾಖ ಹೇಳುತ್ತಾರೆ. ನಿನ್ನ ಜಾಗಕ್ಕೆ ಬಂದಿರುವ ರಸಾಯನತಜ್ಞೆ ಜಾಣೆ. ಆದರೆ ಬ್ಯಾಟರಿಯ ಪುಡಿಯನ್ನು ನಿನ್ನ ಹಾಗೆ ಬೆರಳಲ್ಲಿ ತಿಕ್ಕಿ, 'ಇವತ್ತು ಇದಕ್ಕೆ ಮುನಿಸು' ಅನ್ನುವುದಿಲ್ಲ. ಮೊನ್ನೆ ಮಾವ ಗೊಣಗಿದರು: "ಅವನಿದ್ದಾಗ ಪುಡಿ ಮಾತಾಡ್ತಿತ್ತು. ಈಗ ಬರೀ ನಂಬರ್ ಮಾತಾಡ್ತವೆ." ನಾನು ನಕ್ಕೆ. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ನೀನು ಅಕ್ಕ ಅನ್ನುತ್ತಿದ್ದೆ ಅಂತ ಕಾರ್ಖಾನೆಯೆಲ್ಲ ನನ್ನನ್ನು ಅಕ್ಕ ಅನ್ನುತ್ತಿತ್ತು. ಕೆಲಸ ಬಿಟ್ಟ ದಿನ ಬಾಗಿಲಲ್ಲಿ ನಿಂತು "ಬರ್ತೀನಿ ಮೇಡಂ" ಅಂದೆಯಲ್ಲ, ಅಂದಿನಿಂದ ಎಲ್ಲರ ಬಾಯಲ್ಲೂ ಮೇಡಂ. ಯಾಕೆ ಹಾಗಂದೆ ಅಂತ ಕೇಳಬೇಕು ಅಂದುಕೊಳ್ಳುತ್ತೇನೆ, ಇವತ್ತಿನವರೆಗೂ ಕೇಳಿಲ್ಲ.

ಈಗ ಬರೆಯಲು ಕೂತ ಕಾರಣ ಹೇಳುತ್ತೇನೆ. ಕಂಪನಿಯ ವೆಬ್‌ಸೈಟಿನ 'ನಮ್ಮ ತಂಡ' ಪುಟವನ್ನು ಹೊಸದಾಗಿ ಮಾಡುತ್ತಿದ್ದಾರೆ. ಅಲ್ಲಿರುವ ಫೋಟೋ ಗೊತ್ತಲ್ಲ, ಪುಡಿ ಇಡುವ ಒಣಕೋಣೆಯಲ್ಲಿ ತೆಗೆದದ್ದು? ಒಂಬತ್ತು ಜನ ಹಲ್ಲು ಕಿರಿಯುತ್ತಿದ್ದೇವೆ, ನೀನೊಬ್ಬ ಮಾತ್ರ ಗೋಡೆಯ ಕಡೆ ನೋಡುತ್ತಿದ್ದೀಯ. ಬಂದವರೆಲ್ಲ "ಗೋಡೆ ಮೇಲೆ ಹಲ್ಲಿ ಇತ್ತಾ?" ಅಂತ ಕೇಳುತ್ತಾರೆ. ಮೊನ್ನೆ ಪುಟ ಮಾಡುವ ಹುಡುಗಿ ಹಳೆಯ ಕಂಪ್ಯೂಟರಿನಿಂದ ಪೂರ್ತಿ ಫೋಟೋ ತೆಗೆದು ತೋರಿಸಿದಳು. ಪುಟದಲ್ಲಿ ಕತ್ತರಿಸಿಹೋಗಿದ್ದ ಬಲಗಡೆಯ ಗೋಡೆಯ ಮೇಲೆ ತೇವದ ಮಾಪಕ ಇದೆ. ಅದರ ಮುಳ್ಳು ಕೆಂಪಿನಲ್ಲಿದೆ.

ಒಳಗೆ ಒಮ್ಮೆಗೆ ನಾಲ್ಕೇ ಜನ ಅಂತ ಬಾಗಿಲ ಮೇಲೆ ಬರೆದವನು ನೀನು. ಮನುಷ್ಯರ ಉಸಿರಿನ ತೇವ ಸಾಕು ಪುಡಿ ಕೆಡಲು, ಅನ್ನುತ್ತಿದ್ದೆ. ಹೊಸ ಪಾಲುದಾರರಿಗೆ ತೋರಿಸಲು ಫೋಟೋ ತೆಗೆಸುವ ಹುರುಪಿನಲ್ಲಿ ಹತ್ತು ಜನರನ್ನು ಒಳಗೆ ನುಗ್ಗಿಸಿದವಳು ನಾನು. ಡ್ರಮ್ಮುಗಳ ಮುಚ್ಚಳ ತೆರೆದಿತ್ತು. "ಅಕ್ಕಾ, ಸಾಕು, ಹೊರಡೋಣ" ಅಂತ ನೀನು ಗೋಗರೆದೆ. "ಇನ್ನೊಂದೇ ಒಂದು ಫೋಟೋ, ಸ್ವಲ್ಪ ನಗೋ" ಅಂದೆ ನಾನು.

ಆ ನಲವತ್ತು ಡ್ರಮ್ಮಿನ ಪುಡಿ, ಬ್ಯಾಟರಿ ಮಾಡುವ ಗಿರಾಕಿ ಕಲಸಿದಾಗ ಗೋಂದಿನ ಹಾಗೆ ಗಟ್ಟಿಯಾಯಿತು. ವಿಚಾರಣೆಯಲ್ಲಿ ಆಡಳಿತ ಮಂಡಳಿಯವರು "ಯಾರ ತಪ್ಪು?" ಅಂದಾಗ ನೀನು ಎದ್ದು, "ಒಣಕೋಣೆ ನಂದು, ತಪ್ಪೂ ನಂದೇ" ಅಂದೆ. ಮುಖ್ಯಸ್ಥೆಯ ಕುರ್ಚಿಯಲ್ಲಿದ್ದ ನಾನು ತುಟಿ ಪಿಟಕ್ಕೆನ್ನಲಿಲ್ಲ. ಪುಡಿ ಯಾಕೆ ಕೆಟ್ಟಿತು ಅಂತ ಅವತ್ತು ನನಗೆ ಗೊತ್ತಿರಲಿಲ್ಲ ತಮ್ಮಾ. ಮೊನ್ನೆ ಫೋಟೋ ನೋಡಿದ ಮೇಲೆ ಗೊತ್ತಾಯಿತು.

ನಾಳೆ ಮಂಡಳಿಯ ಸಭೆ. ಪೂರ್ತಿ ಫೋಟೋ ಅವರ ಮುಂದಿಟ್ಟು ನಿನಗೆ ಮೆತ್ತಿದ ಮಸಿ ತೊಳೆಯುತ್ತೇನೆ. ಕುರ್ಚಿ ಹೋದರೆ ಹೋಗಲಿ. ವಾಪಸ್ಸು ಬಾ ಅನ್ನಲು ನನಗೆ ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ, ಬಾ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಪಾಠ ಕೇಳುವ ಮಕ್ಕಳಿಗೆ ನಿನ್ನ ಕೈಗುಣ ಬರಲಿ. ಎಲ್ಲಿದ್ದರೂ ತಣ್ಣಗಿರು.

ನಿನ್ನ,
ಅಕ್ಕ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದರಲ್ಲಿ ಸುಳ್ಳಿದೆ. ಪೂರ್ತಿ ಫೋಟೋ ಯಾವ ಹುಡುಗಿಯೂ ತೋರಿಸಲಿಲ್ಲ, ಅದು ನನ್ನ ಮೇಜಿನ ಖಾನೆಯಲ್ಲೇ ಇತ್ತು. ವಿಚಾರಣೆಯ ಹಿಂದಿನ ದಿನ ಆ ಮುಳ್ಳು ನೋಡಿ, ಬಲಗಡೆ ಕತ್ತರಿಸಿ ಪುಟಕ್ಕೆ ಹಾಕಿದವಳು ನಾನೇ. ಇದನ್ನೂ ನಾಳೆ ಹೇಳುತ್ತೇನೆ. ವಿಚಾರಣೆಯ ಸಭೆಯ ಪರದೆಯ ಮೇಲೆ ಕತ್ತರಿಸಿದ ಆ ಫೋಟೋ ಮೂಡಿದಾಗ ನೀನು ಒಮ್ಮೆ ಅದನ್ನು ನೋಡಿದೆ, ಒಮ್ಮೆ ನನ್ನನ್ನು ನೋಡಿದೆ, ಆಮೇಲೆ ಎದ್ದು ನಿಂತೆ. ಅದಕ್ಕೇ ಅಲ್ಲವೇ, ಮೇಡಂ ಅಂದದ್ದು?