ಮಂಡಿಯಿಂದ ಒಂದೂವರೆ ಗೇಣು ಮೇಲೆ

3 ಸೆಪ್ಟೆಂಬರ್ 2024, ಮಂಗಳವಾರ. ಬೆಳಿಗ್ಗೆ 7

ಮಂಡಿಗೆ ಐಸ್ ಇಟ್ಟಾಯಿತು, ಇಪ್ಪತ್ತು ನಿಮಿಷ. ಮಂಡಿಗೆ ಏನೂ ಆಗಿಲ್ಲ. ನೋವಿರುವುದು ಒಂದೂವರೆ ಗೇಣು ಮೇಲೆ, ಒಳಬದಿಗೆ. ಮೊನ್ನೆ ಜಯಪುರದ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ, ಅಷ್ಟರಲ್ಲಿ ಬಸ್ಸು ಹೊರಟಿತು. ಒಂದು ಕಾಲು ಬಸ್ಸಿನಲ್ಲಿ, ಇನ್ನೊಂದು ಕೊಪ್ಪದಲ್ಲಿ. ಒಳಗೆ ಚಟ್ ಎಂದಿತು. ಅಡಕ್ಟರ್ ಲಾಂಗಸ್ ಎಂಬ ಸ್ನಾಯು — ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವಳಿಗೆ ಅಷ್ಟು ಗೊತ್ತು. ಆದರೆ ಫಿಸಿಯೋ ಅಮ್ಜದ್ ನನ್ನದೇ ಹಳೇ ವಿದ್ಯಾರ್ಥಿ. "ಎಲ್ಲಿ ನೋವು ಮಿಸ್?" ಅಂದ. ಮಂಡಿ ಅಂದುಬಿಟ್ಟೆ. ಅವನ ಮುಂದೆ ತೊಡೆ ಅನ್ನುವುದು ಹೇಗೆ?

14 ಸೆಪ್ಟೆಂಬರ್, ಶನಿವಾರ

ಹತ್ತು ದಿನ ಮಂಡಿಗೆ ಕರೆಂಟ್ ಕೊಟ್ಟ. ಕಡಿಮೆಯಾಗಲಿಲ್ಲವೆಂದು ಅವನಿಗೇ ಬೇಜಾರು, ಪಾಪ. ಎಕ್ಸ್‌ರೇಗೆ ಬರೆದುಕೊಟ್ಟಿದ್ದಾನೆ.

27 ಸೆಪ್ಟೆಂಬರ್, ಶುಕ್ರವಾರ

ಶಿವಮೊಗ್ಗದ ಡಾಕ್ಟರು ಎಕ್ಸ್‌ರೇ ನೋಡಿದರು. ಮಂಡಿ ಸವೆದಿದೆಯಂತೆ. ಅರವತ್ತೆರಡಕ್ಕೆ ಯಾರದು ಸವೆದಿರುವುದಿಲ್ಲ? ಇಷ್ಟು ನೋವಿದ್ದರೆ ಬದಲಾಯಿಸುವುದೇ ಒಳ್ಳೆಯದು ಎಂದರು. ಅಕ್ಟೋಬರ್ 9ಕ್ಕೆ ಆಪರೇಷನ್. ತಲೆಯಾಡಿಸಿ ಬಂದೆ...

ದಾರಿಯುದ್ದಕ್ಕೂ ಇವರದು ಸಮಾಧಾನ. "ಹೆದ್ರೂದು ಎಂತಕ್ಕೆ ಮಾರಾಯ್ತಿ, ಈಗ ಎಲ್ರೂ ಮಾಡಿಸ್ಕಳ್ತಾರೆ." ಒಳ್ಳೆಯ ಮಂಡಿ ಕೊಯ್ಯಿಸಿಕೊಳ್ಳಲು ಹೊರಟಿದ್ದೇನೆ. ಹೆದರಿಕೆ ಆಗದೆ ಇರುತ್ತದೆಯೇ?

7 ಅಕ್ಟೋಬರ್, ಸೋಮವಾರ. ಮಧ್ಯಾಹ್ನ

ಅಮ್ಜದನ ಕ್ಲಿನಿಕ್ಕಿಗೆ ಹೋದೆ. ಬಾಯಿ ಬರಲಿಲ್ಲ. ಹಾಳೆ ಕೇಳಿ ಚಿತ್ರ ಬರೆದೆ — ಒಳಬದಿಯ ಐದೂ ಸ್ನಾಯು. ಪೆಕ್ಟಿನಿಯಸ್, ಲಾಂಗಸ್, ಬ್ರೆವಿಸ್, ಮ್ಯಾಗ್ನಸ್, ಗ್ರಾಸಿಲಿಸ್. ಲಾಂಗಸ್‌ನ ಬುಡಕ್ಕೆ ಇಂಟು ಗುರುತು ಹಾಕಿದೆ.

ನೋಡಿದ. ನನ್ನ ಎರಡು ಮಂಡಿಗಳ ನಡುವೆ ಮುಷ್ಟಿ ಇಟ್ಟು "ಒತ್ತಿ ಮಿಸ್" ಅಂದ. ಒತ್ತಿದೆ. ಜೀವವೇ ಹೋಯಿತು.

"ಒಂದ್ ತಿಂಗ್ಳು ಮಂಡಿ ಮಂಡಿ ಅಂದ್ರಲ್ಲ!"

"ನಾಚಿಕೆ ಆಯ್ತು ಮಾರಾಯ."

"ಕ್ಲಾಸಲ್ಲೂ ಸಂತಾನೋತ್ಪತ್ತಿ ಪಾಠ ಬಂದಾಗ ಮನೇಲಿ ಓದ್ಕಳಿ ಅಂದಿದ್ರಿ ಮಿಸ್."

ಸಿಟ್ಟು ಬಂತು. ಆಮೇಲೆ ನಗು. ಶಿವಮೊಗ್ಗಕ್ಕೆ ಅವನೇ ಫೋನ್ ಮಾಡಿದ. ಆಪರೇಷನ್ ಇಲ್ಲ.

ಅದೇ ದಿನ, ಸಂಜೆ 6

ಇವರಿಗೆ ಹೇಳಿದೆ. ಮಂಡಿಯಲ್ಲ, ತೊಡೆ ಎಂದು ಬಾಯಿಬಿಟ್ಟೇ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಕಾಫಿ ಲೋಟ ಕೆಳಗಿಟ್ಟರು.

"ನಂದೂ ಬೆನ್ನು ನೋವಲ್ಲ ಕಣೇ" ಅಂದರು.

ಎರಡು ವರ್ಷದಿಂದ ಆ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದೇನೆ! ಮತ್ತೆ ಎಲ್ಲಿ ಎಂದು ಕೇಳಿದೆ. ಎದ್ದು ಜಗುಲಿಗೆ ಹೋದರು. ಅದಕ್ಕೇ ಇದನ್ನು ಬರೆಯುತ್ತ ಕೂತೆ. ಈಗ ಬಾಗಿಲು ಹಾಕಿಕೊಂಡು ಬಂದು ಎದುರಿಗೇ ನಿಂತಿದ್ದಾರೆ. ಮೊದಲು ಆ ಡೈರಿ ಮುಚ್ಚು, ಹೇಳ್ತೀನಿ ಅನ್ನುತ್ತಿ—