ಮನೆಯಲ್ಲಿರುವವರು: ಮೂರು

ಅಮ್ಮಾ,

ಸಾರಿ, ಫೋನಲ್ಲಿ ಹೇಳೋಕೆ ಹೋದರೆ ಅಳು ಬರುತ್ತೆ, ಅದಕ್ಕೇ ಈ ಪತ್ರ.

ಊರಿನ ಜನ ಮತ್ತು ರಸ್ತೆಗಳು ಅಂತ ನನಗೆ ಅಸೈನ್‌ಮೆಂಟ್ ಕೊಟ್ಟಿದ್ದಾರಲ್ಲ, ನಮ್ಮ ಒಂದೇ ಬೀದಿಯಲ್ಲಿ ಒಂಬತ್ತು ಭಾಷೆ ಇದೆ, ಊರಿಗೆ ಐದು ಕಡೆಯಿಂದ ರಸ್ತೆ ಬರುತ್ತೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಮೊನ್ನೆ ಮನೆಗೆ ಫೋನ್ ಮಾಡಿದಾಗ ಹೇಳಿಕೊಟ್ಟಿದ್ದು, ಅಲ್ಲಿ ನನ್ನ ರೂಮಲ್ಲಿ ಬಾಡಿಗೆಗಿರೋ ನರ್ಸು. ಯಾವ ರಸ್ತೆಯಿಂದ ಯಾರು ಬಂದು ನೆಲೆಸಿದರು ಅಂತ ಪಟಪಟ ಹೇಳಿ, “ನಿಮ್ಮೂರೇ ನಿಂಗೆ ಗೊತ್ತಿಲ್ವಾ ಪುಟ್ಟೀ?” ಅಂತ ನಕ್ಕಳು. ಅವಳು ಬಂದು ವರ್ಷವೂ ಆಗಿಲ್ಲ! ಹಿಂದಿನಿಂದ ಅಪ್ಪ, “ನಮ್ಮ ಹುಡುಗಿ ಭಾರಿ ಚುರುಕು” ಅಂದಿದ್ದೂ ಕೇಳಿಸಿತು. ಅವಳು ನಮ್ಮ ಹುಡುಗಿಯಂತೆ.

ಜನಗಣತಿ ಡ್ಯೂಟಿಯಲ್ಲಿ ಮನೆಮನೆಯ ಲೆಕ್ಕ ನೀನು ಹೇಗೆ ಬರೀತೀಯ ಅಂತ ಕೇಳಿದ್ದಕ್ಕೆ ಮಾದರಿಗೆ ನಮ್ಮ ಮನೆ ಹಾಳೆಯನ್ನೇ ಕಳಿಸಿದ್ದೀಯ. ಮನೆಯಲ್ಲಿರುವವರು ಮೂರು: ಅಪ್ಪ, ನೀನು, ನರ್ಸು. ಹಾಸ್ಟೆಲಿನವರನ್ನ ಹಾಸ್ಟೆಲಲ್ಲೇ ಎಣಿಸಬೇಕು ಅನ್ನೋ ರೂಲ್ ನನಗೂ ಗೊತ್ತಮ್ಮ. ನೀನು ಬರೆದದ್ದು ಕರೆಕ್ಟ್. ಆಕ್ಚುಲಿ, ಐದನೇ ಕ್ಲಾಸಿಗೆ ಹಾಸ್ಟೆಲ್ ಸೇರಿಸಿದ ದಿನದಿಂದಲೂ ಕರೆಕ್ಟೇ. ಆದರೆ ಅವಳ ಹೆಸರನ್ನ ಅಷ್ಟು ದುಂಡಗೆ ಬರೀಬೇಕಿತ್ತಾ?

ಶನಿವಾರ ಬರ್ತಿದ್ದೀನಿ. ಹೊಸ ಹೆದ್ದಾರಿ ಬಸ್ಸಲ್ಲಿ ಮೂರೇ ಗಂಟೆಯಂತೆ, ಅದನ್ನೂ ಅವಳೇ ಹೇಳಿದ್ದು. ನಾನು ಎಲ್ಲಿ ಮಲಗಬೇಕು? ಹಾಲ್‌ನಲ್ಲಿ ಅಂದರೂ ಸರಿ, ಆದರೆ ನೀನೇ ಹೇಳು, ಅವಳ ಕೈಲಿ ಹೇಳಿಸಬೇಡ. ಪ್ಲೀಸ್, ಶುಕ್ರವಾರದೊಳಗೆ ನನ್ನ ಕೈಗೆ ಸಿಗೋ ಹಾಗೆ ಬೇಗ ಬರಿ.

ನಿನ್ನ ಸ್ವಂತ ಮಗಳು